ಅಂಗನವಾಡಿ ಶಿಕ್ಷಕಿಯ ತರಬೇತಿ: ಪ್ರಮಾಣಪತ್ರವೊಂದೇ ಸಾಕೇ?

ಪದವಿಪೂರ್ವ ತರಗತಿಯಲ್ಲಿ ಅನುಮಾಪನ ಪ್ರಯೋಗ ಮಾಡಿದ್ದು ನಿಮಗೆ ನೆನಪಿರಬಹುದು. ಒಂದು ಕೈಯಲ್ಲಿ ಬ್ಯೂರೆಟ್ಟಿನ ನಲ್ಲಿ, ಇನ್ನೊಂದು ಕೈಯಲ್ಲಿ ಶಂಕುಪಾತ್ರೆ, ಕಣ್ಣು ಬಣ್ಣ ಬದಲಾಗುವ ಆ ಒಂದು ಹನಿಯ ಮೇಲೆ. ಮೊದಲ ಸಲ ಬಹುತೇಕ ಎಲ್ಲರೂ ಹನಿ ಮೀರಿಸುತ್ತಾರೆ. ಪಕ್ಕದಲ್ಲಿ ನಿಂತ ಅಧ್ಯಾಪಕರು 'ನಿಧಾನ, ಇನ್ನು ಒಂದೊಂದೇ ಹನಿ' ಎಂದು ತಿದ್ದಿದಾಗಲೇ ವಿದ್ಯೆ ಕೈಗೆ ಹತ್ತುವುದು. ಇದನ್ನು ಕೇವಲ ಟಿ.ವಿ. ನೋಡಿ ಕಲಿಯಬಹುದೆಂದು ಯಾರಾದರೂ ಹೇಳಿದರೆ ನೀವು ಒಪ್ಪುವಿರಾ?

ಮೂರರಿಂದ ಆರು ವರ್ಷದ ಮಕ್ಕಳಿಗೆ ಕಲಿಸುವುದೂ ಇಂಥದೇ ಕೈವಿದ್ಯೆ. ಈ ವಿದ್ಯೆಯನ್ನು ಕಲಿಸಲು ರಾಷ್ಟ್ರೀಯ ಶಿಕ್ಷಣ ನೀತಿ 2020 ಹಾಕಿಕೊಟ್ಟಿರುವ ದಾರಿಯನ್ನು ವಿಜ್ಞಾನದ ಕಣ್ಣಿನಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ನೀತಿ ಹೇಳುವುದೇನು?

ನೀತಿಯ ಮೊದಲ ಅಧ್ಯಾಯವೇ ಶಿಶುಶಿಕ್ಷಣವನ್ನು ಕುರಿತದ್ದು. ಅಂಗನವಾಡಿ ಕಾರ್ಯಕರ್ತೆಯನ್ನು ಅದು ಶಿಕ್ಷಕಿಯೆಂದೂ ಕರೆಯುತ್ತದೆ. ಇದು ಸ್ವಾಗತಾರ್ಹ. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ದೇಶದ 33 ಕಡೆ ಆರಂಭವಾದಾಗ ನಮ್ಮ ರಾಜ್ಯದ ಟಿ. ನರಸೀಪುರವೂ ಅವುಗಳಲ್ಲಿ ಒಂದಾಗಿತ್ತು. ಅಂದಿನಿಂದಲೂ ಶಾಲಾಪೂರ್ವ ಶಿಕ್ಷಣ ಯೋಜನೆಯ ಆರು ಸೇವೆಗಳಲ್ಲಿ ಸೇರಿತ್ತು. ಆದರೆ ಜನರ ಮಾತಿನಲ್ಲಿ ಅಂಗನವಾಡಿ ಎಂದರೆ ಊಟದ ಮನೆಯೇ ಆಗಿ ಉಳಿಯಿತು.

ತರಬೇತಿಯ ಬಗ್ಗೆ ನೀತಿಯ ಸಲಹೆ ಹೀಗಿದೆ: ಪಿ.ಯು.ಸಿ. ಅಥವಾ ಅದಕ್ಕಿಂತ ಹೆಚ್ಚು ಓದಿದ ಕಾರ್ಯಕರ್ತೆಯರಿಗೆ 6 ತಿಂಗಳ ಪ್ರಮಾಣಪತ್ರ ಶಿಕ್ಷಣ, ಅದಕ್ಕಿಂತ ಕಡಿಮೆ ಓದಿದವರಿಗೆ 1 ವರ್ಷದ ಡಿಪ್ಲೊಮಾ. ಇವನ್ನು ಡಿ.ಟಿ.ಎಚ್. ವಾಹಿನಿ ಮತ್ತು ಸ್ಮಾರ್ಟ್‌ಫೋನ್‌ಗಳ ಮೂಲಕ ದೂರಶಿಕ್ಷಣದಂತೆ ನಡೆಸಬಹುದು. ಶಿಕ್ಷಣ ಇಲಾಖೆಯ ಸಮೂಹ ಸಂಪನ್ಮೂಲ ಕೇಂದ್ರಗಳು ಮಾರ್ಗದರ್ಶನ ನೀಡಿ, ತಿಂಗಳಿಗೆ ಕನಿಷ್ಠ ಒಂದು ಸಂಪರ್ಕ ತರಗತಿ ನಡೆಸಬೇಕು. ಕೆಲಸಕ್ಕೆ ಅಡ್ಡಿಯಾಗದಂತೆ ಕಲಿಯುವ ಅವಕಾಶ ಕೊಟ್ಟಿರುವುದು ಒಳ್ಳೆಯದೇ. ಆದರೆ ಲೆಕ್ಕ ಹಾಕಿ ನೋಡಿ. ಆ ಕನಿಷ್ಠವೇ ರೂಢಿಯಾದರೆ ಆರು ತಿಂಗಳಲ್ಲಿ ಆರು ಭೇಟಿ. ಅವೂ ಸಂಪರ್ಕ ತರಗತಿಗಳು. ಆಕೆ ಮಕ್ಕಳೊಡನೆ ಕೆಲಸ ಮಾಡುವುದನ್ನು ಯಾರಾದರೂ ಕುಳಿತು ನೋಡುತ್ತಾರೆಯೇ ಎಂಬ ಪ್ರಶ್ನೆಗೆ ಇಲ್ಲಿ ಉತ್ತರವಿಲ್ಲ.

ಶೇಕಡಾ 85ರ ಮಾತು

ಅಧ್ಯಾಯದ ಆರಂಭದಲ್ಲೇ ಒಂದು ಅಂಕಿ ಇದೆ. ಮಗುವಿನ ಮಿದುಳಿನ ಒಟ್ಟು ಬೆಳವಣಿಗೆಯಲ್ಲಿ ಶೇಕಡಾ 85ಕ್ಕೂ ಹೆಚ್ಚು ಭಾಗ 6 ವರ್ಷಕ್ಕೆ ಮೊದಲೇ ಆಗುತ್ತದೆಂದು ಅದು ಹೇಳುತ್ತದೆ. ಭಾಷಣಗಳಲ್ಲಿ, ನರ್ಸರಿ ಶಾಲೆಗಳ ಜಾಹೀರಾತುಗಳಲ್ಲಿ ಇಂಥ ಮಾತನ್ನು ನೀವೂ ಕೇಳಿರಬಹುದು.

ವಿಜ್ಞಾನದ ವಿದ್ಯಾರ್ಥಿ ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಇದನ್ನು ಯಾವ ಏಕಮಾನದಲ್ಲಿ ಅಳೆದರು? ಗಾತ್ರದಲ್ಲಾದರೆ ಮಾತು ಸರಿ. ಆರು ವರ್ಷದ ಮಗುವಿನ ಮಿದುಳು ವಯಸ್ಕರ ಮಿದುಳಿನ ಸುಮಾರು ಹತ್ತರಲ್ಲಿ ಒಂಬತ್ತು ಭಾಗದಷ್ಟು ದೊಡ್ಡದಾಗಿರುತ್ತದೆ. ಆದರೆ ಗಾತ್ರವೇ ಬೆಳವಣಿಗೆಯಲ್ಲ. ನರಕೋಶಗಳ ನಡುವಿನ ಹೆಚ್ಚುವರಿ ಕೊಂಡಿಗಳು ಕಳಚುವುದು, ನರತಂತುಗಳ ಮೇಲೆ ಮಯಲಿನ್ ಹೊದಿಕೆ ಬಲಿಯುವುದು, ಇವೆಲ್ಲ ಹರೆಯವನ್ನೂ ದಾಟಿ ಸಾಗುತ್ತವೆ. ವಿವೇಚನೆಗೆ ಮುಖ್ಯವಾದ ಮುಮ್ಮಿದುಳಿನ ಭಾಗ ಪಕ್ವವಾಗುವುದು ಇಪ್ಪತ್ತರ ಹರೆಯದಲ್ಲಿ. ಮೊದಲ ಆರು ವರ್ಷಗಳು ಬಹು ಮುಖ್ಯ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಈ ಅಂಕಿ, ನಾಳೆ ಬೆಳಗ್ಗೆ ಶಿಕ್ಷಕಿ ಏನು ಮಾಡಬೇಕೆಂಬುದನ್ನು ತಿಳಿಸುವುದಿಲ್ಲ. ಬದಲಿಗೆ, 'ಸಮಯ ಮೀರುತ್ತಿದೆ' ಎಂಬ ಗಾಬರಿ ಹುಟ್ಟಿಸಿ ಮೂರು ವರ್ಷದ ಮಗುವಿನ ಕೈಗೆ ಪೆನ್ಸಿಲ್ ತುರುಕಲು ನೆಪವಾಗಬಹುದು.

ಗುಣಮಟ್ಟ ಎಲ್ಲಿದೆ?

ಒಂದು ಅಂಗನವಾಡಿಯನ್ನು ಕಲ್ಪಿಸಿಕೊಳ್ಳಿ. ಮಕ್ಕಳ ಮುಂದೆ ಹುಣಸೆ ಬೀಜ, ಹೊಂಗೆ ಬೀಜ, ಅವರೆ ಕಾಳುಗಳ ರಾಶಿ ಇದೆ. ಒಬ್ಬ ಶಿಕ್ಷಕಿ 'ಹುಣಸೆ ಬೀಜ ಎಲ್ಲ ಇಲ್ಲಿ ಹಾಕಿ' ಎನ್ನುತ್ತಾಳೆ. ಮಕ್ಕಳು ಹಾಕುತ್ತಾರೆ. ಕೆಲಸ ಮುಗಿಯಿತು. ಇನ್ನೊಬ್ಬಳು 'ನಿಮಗೆ ಬೇಕಾದ ಹಾಗೆ ಗುಂಪು ಮಾಡಿ' ಎಂದು ಸುಮ್ಮನೆ ನೋಡುತ್ತಾಳೆ. ಒಂದು ಮಗು ಅವರೆ ಕಾಳನ್ನೂ ಹುಣಸೆ ಬೀಜವನ್ನೂ ಒಟ್ಟಿಗೆ ಇಡುತ್ತದೆ. ಆಕೆ 'ತಪ್ಪು' ಎನ್ನುವುದಿಲ್ಲ, 'ಇವೆರಡು ಯಾಕೆ ಒಟ್ಟಿಗೆ?' ಎಂದು ಕೇಳುತ್ತಾಳೆ. 'ಇವು ತಿನ್ನೋದು, ಅದು ಕಹಿ' ಎನ್ನುತ್ತದೆ ಮಗು. ವರ್ಗೀಕರಣವೆಂಬ ವಿಜ್ಞಾನದ ಮೊದಲ ಪಾಠ ಅಲ್ಲಿ ನಡೆಯಿತು!

ಎರಡೂ ಕೇಂದ್ರಗಳಲ್ಲಿ ಕೊಠಡಿ, ಬೀಜ, ಪ್ರಮಾಣಪತ್ರ ಒಂದೇ ಇರಬಹುದು. ಕಟ್ಟಡ, ಮಕ್ಕಳ ಸಂಖ್ಯೆ, ಶಿಕ್ಷಕಿಯ ವಿದ್ಯಾರ್ಹತೆ ಮುಂತಾದವು ರಚನೆಯ ಗುಣಮಟ್ಟ. ಇವನ್ನು ಎಣಿಸುವುದು ಸುಲಭ. ಮಗು ಮತ್ತು ಶಿಕ್ಷಕಿಯ ನಡುವೆ ನಡೆಯುವುದು ಪ್ರಕ್ರಿಯೆಯ ಗುಣಮಟ್ಟ. ಇದನ್ನು ಎಣಿಸುವುದು ಕಷ್ಟ, ಕುಳಿತು ನೋಡಬೇಕು.

ವಿದ್ಯಾರ್ಹತೆ ಹೆಚ್ಚಿದರೆ ಗುಣಮಟ್ಟ ತಾನಾಗಿ ಹೆಚ್ಚುವುದೇ? ಇಂಗ್ಲೆಂಡಿನಲ್ಲಿ 1997ರಲ್ಲಿ ಆರಂಭವಾದ ದೊಡ್ಡ ಅಧ್ಯಯನವೊಂದು 141 ಕೇಂದ್ರಗಳ ಸುಮಾರು 3000 ಮಕ್ಕಳನ್ನು ಹಿಂಬಾಲಿಸಿತು. ಹೆಚ್ಚು ಅರ್ಹತೆಯ ಸಿಬ್ಬಂದಿ ಇದ್ದ ಕಡೆ ಗುಣಮಟ್ಟ ಮೇಲಾಗಿತ್ತು. ಆದರೆ ಅಮೆರಿಕದ ಏಳು ಅಧ್ಯಯನಗಳ ದತ್ತಾಂಶವನ್ನು ಒಟ್ಟಾಗಿ ವಿಶ್ಲೇಷಿಸಿ 2007ರಲ್ಲಿ ಪ್ರಕಟಿಸಿದ ಪ್ರಬಂಧಕ್ಕೆ, ಶಿಕ್ಷಕರ ಪದವಿಗೂ ಮಕ್ಕಳ ಕಲಿಕೆಗೂ ಸ್ಥಿರವಾದ ಸಂಬಂಧ ಕಾಣಲಿಲ್ಲ. ಅಮೆರಿಕದ ಟೆನೆಸೀ ರಾಜ್ಯದ ಶಾಲಾಪೂರ್ವ ಯೋಜನೆಯಲ್ಲಿ ಶಿಕ್ಷಕರೆಲ್ಲ ಪರವಾನಗಿ ಪಡೆದವರು, ತರಗತಿಗೆ 20 ಮಕ್ಕಳ ಮಿತಿಯೂ ಇತ್ತು. ಅಲ್ಲಿ 2990 ಮಕ್ಕಳನ್ನು ಹಿಂಬಾಲಿಸಿದ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಆರನೆಯ ತರಗತಿಗೆ ಬರುವ ಹೊತ್ತಿಗೆ, ಚೀಟಿ ಎತ್ತಿದಾಗ ಸೀಟು ಸಿಕ್ಕಿದ್ದ ಮಕ್ಕಳೇ ಸಿಗದವರಿಗಿಂತ ಹಿಂದಿದ್ದರು!

ಈ ಫಲಿತಾಂಶಗಳು ಒಂದನ್ನೊಂದು ಅಲ್ಲಗಳೆಯುತ್ತವೆಯೇ? ಇಲ್ಲ. ಪ್ರಮಾಣಪತ್ರ ಒಂದು ಡಬ್ಬಿ. ಅದರೊಳಗೆ ಏನಿತ್ತು ಎಂಬುದೇ ಮುಖ್ಯ. ಇಂಗ್ಲೆಂಡಿನ ಅಧ್ಯಯನದಲ್ಲೇ ಇದಕ್ಕೊಂದು ಸುಳಿವಿದೆ. ಕಡಿಮೆ ಅರ್ಹತೆಯವರೂ ನುರಿತ ಶಿಕ್ಷಕರ ಜೊತೆಯಲ್ಲಿ, ಅವರ ಮಾರ್ಗದರ್ಶನದಲ್ಲಿ ದುಡಿದಾಗ ಮಕ್ಕಳ ಕಲಿಕೆಗೆ ಹೆಚ್ಚು ಚೆನ್ನಾಗಿ ನೆರವಾಗುತ್ತಿದ್ದರು.

ಫೋನಿನ ದಿಕ್ಕು ಬದಲಾಗಲಿ

ಹಾಗಾದರೆ ದೂರಶಿಕ್ಷಣವೇ ತಪ್ಪೇ? ಹಾಗೆನ್ನಲು ಬರುವುದಿಲ್ಲ. ಅಮೆರಿಕದ ವರ್ಜೀನಿಯಾದಲ್ಲಿ ನಡೆದ ಒಂದು ಪ್ರಯೋಗ 2008ರಲ್ಲಿ ವರದಿಯಾಯಿತು. ಒಂದು ಗುಂಪಿನ ಶಿಕ್ಷಕರಿಗೆ ಒಳ್ಳೆಯ ಬೋಧನೆಯ ವಿಡಿಯೊಗಳನ್ನು ಅಂತರಜಾಲದಲ್ಲಿ ಒದಗಿಸಿ ಬಿಡಲಾಯಿತು. ಇನ್ನೊಂದು ಗುಂಪಿಗೆ ಆ ವಿಡಿಯೊಗಳ ಜೊತೆಗೆ ಒಬ್ಬ ಸಲಹೆಗಾರರೂ ಇದ್ದರು. ಇವರು ಎರಡು ವಾರಕ್ಕೊಮ್ಮೆ ತಮ್ಮದೇ ತರಗತಿಯನ್ನು ಚಿತ್ರೀಕರಿಸಿ ಕಳುಹಿಸಬೇಕು. ಸಲಹೆಗಾರರು ಅದರ ತುಣುಕುಗಳನ್ನು ಆರಿಸಿ, 'ಇಲ್ಲಿ ಮಗು ಏನು ಹೇಳಿತು? ನೀವೇನು ಮಾಡಿದಿರಿ?' ಎಂಬಂಥ ಪ್ರಶ್ನೆಗಳೊಡನೆ ಚರ್ಚಿಸುತ್ತಿದ್ದರು. ಮಕ್ಕಳೊಡನೆ ವ್ಯವಹರಿಸುವ ರೀತಿಯಲ್ಲಿ ಹೆಚ್ಚು ಸುಧಾರಣೆ ಕಂಡದ್ದು ಈ ಎರಡನೆಯ ಗುಂಪಿನಲ್ಲಿ.

ನೀತಿಯ ದೋಷ ಇರುವುದು ಇಲ್ಲಿಯೇ. ಅದರ ಯೋಜನೆಯಲ್ಲಿ ಫೋನು ಉಪನ್ಯಾಸವನ್ನು ಶಿಕ್ಷಕಿಯ ಬಳಿಗೆ ತರುತ್ತದೆ. ನಿಜವಾಗಿ ಬೇಕಾದುದು ಆಕೆಯ ತರಗತಿಯನ್ನು ಮಾರ್ಗದರ್ಶಿಯ ಬಳಿಗೆ ಒಯ್ಯುವ ಫೋನು. 2021ರಿಂದ ಪೋಷಣ್ ಟ್ರ್ಯಾಕರ್‌ನಲ್ಲಿ ತೂಕ, ಎತ್ತರ, ಹಾಜರಿ ತುಂಬಲು ಕಾರ್ಯಕರ್ತೆಯರು ಸ್ಮಾರ್ಟ್‌ಫೋನ್ ಬಳಸುತ್ತಿದ್ದಾರೆ. ತಂದೆತಾಯಿಯರ ಒಪ್ಪಿಗೆ ಪಡೆದು, ಹತ್ತು ನಿಮಿಷದ ಚಟುವಟಿಕೆಯನ್ನು ಅದರಲ್ಲೇ ಚಿತ್ರೀಕರಿಸುವುದು ಕಷ್ಟವೇನಲ್ಲ. ಕಷ್ಟವಾದುದು ಅದನ್ನು ನೋಡಿ ಸಲಹೆ ಕೊಡಬಲ್ಲವರನ್ನು ತಯಾರುಮಾಡುವುದು. ಸಮೂಹ ಸಂಪನ್ಮೂಲ ವ್ಯಕ್ತಿಗಳು ಪ್ರಾಥಮಿಕ ಶಾಲೆಗಳ ಅನುಭವದಿಂದ ಬಂದವರು. ಅವರಿಗೂ ಶಿಶುಶಿಕ್ಷಣದ ತರಬೇತಿ ಸಿಗದಿದ್ದರೆ ಒಂದನೆಯ ತರಗತಿಯ ಅಕ್ಷರ ತಿದ್ದುವಿಕೆಯೇ ಅಂಗನವಾಡಿಗೆ ಇಳಿದೀತು.

ಕಲಿತದ್ದನ್ನು ಬಳಸಲು ಸಮಯ ಬೇಕು

ಇನ್ನೊಂದು ಮಾತು. ಅಡುಗೆ, ತೂಕ, ಲಸಿಕೆ, ಮನೆಭೇಟಿ, ದಾಖಲೆ ಎಲ್ಲದರ ಹೊಣೆ ಹೊತ್ತ ಕಾರ್ಯಕರ್ತೆಗೆ ಎಷ್ಟು ತರಬೇತಿ ಕೊಟ್ಟರೇನು? ತಮಿಳುನಾಡಿನಲ್ಲಿ 320 ಅಂಗನವಾಡಿಗಳನ್ನು ಆರಿಸಿಕೊಂಡು, ಯಾದೃಚ್ಛಿಕವಾಗಿ ಆಯ್ದ ಅರ್ಧದಷ್ಟಕ್ಕೆ ಶಿಶುಶಿಕ್ಷಣಕ್ಕೆಂದೇ ಒಬ್ಬ ಅರೆಕಾಲಿಕ ಕಾರ್ಯಕರ್ತೆಯನ್ನು ಹೆಚ್ಚುವರಿಯಾಗಿ ಕೊಡಲಾಯಿತು. ಅಲ್ಲಿ ಕಲಿಕೆಯ ಅವಧಿ ಇಮ್ಮಡಿಯಾಯಿತು. 18 ತಿಂಗಳ ಬಳಿಕ ಗಣಿತದಲ್ಲಿ 0.29, ಭಾಷೆಯಲ್ಲಿ 0.46 ಮಾನಕ ವಿಚಲನೆಯಷ್ಟು ಪ್ರಗತಿ ಕಂಡಿತು. ಅಂದರೆ, ನೂರು ಮಕ್ಕಳ ಸಾಲಿನ ನಡುವೆ ನಿಂತ ಮಗು ಗಣಿತದಲ್ಲಿ ಸುಮಾರು 61ನೆಯ, ಭಾಷೆಯಲ್ಲಿ ಸುಮಾರು 68ನೆಯ ಸ್ಥಾನಕ್ಕೆ ಏರಿದಂತೆ. ಮೊದಲಿದ್ದ ಕಾರ್ಯಕರ್ತೆಗೆ ಪೋಷಣೆಯ ಕೆಲಸಕ್ಕೆ ಬಿಡುವು ಸಿಕ್ಕಿದ್ದರಿಂದ ಮಕ್ಕಳ ಕುಂಠಿತ ಬೆಳವಣಿಗೆಯೂ ತಗ್ಗಿತು. ಇದು ದೂರದೇಶದ ಮಾತಲ್ಲ, ಪಕ್ಕದ ರಾಜ್ಯದ್ದು.

ಆಕೆಗೆ ಇಂದಿಗೂ ಸಿಗುತ್ತಿರುವುದು ಸಂಬಳವಲ್ಲ, ಗೌರವಧನ. ಉಪದಾನಕ್ಕೆ ಅವರು ಅರ್ಹರೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಬೇಕಾಯಿತು. ಶಿಶುಶಿಕ್ಷಕರ ಪ್ರತ್ಯೇಕ ವೃತ್ತಿಶ್ರೇಣಿಯನ್ನು ರಾಜ್ಯ ಸರ್ಕಾರಗಳು ರೂಪಿಸಬೇಕೆಂದು ನೀತಿ ಹೇಳುವುದು ನಿಜ, ಆದರೆ ಅದಕ್ಕೆ ವರ್ಷವನ್ನು ಗೊತ್ತುಮಾಡಿಲ್ಲ. ಪ್ರಮಾಣಪತ್ರ ಪಡೆದ ಬಳಿಕ ಸ್ಥಾನವೂ ವೇತನವೂ ಬದಲಾಗದಿದ್ದರೆ ಕಲಿಯುವ ಹುರುಪು ಎಷ್ಟು ದಿನ ಉಳಿದೀತು?

ನೀವೇ ನೋಡಿ

ನಿಮ್ಮ ಶಾಲೆಯ ಸಮೀಪದಲ್ಲಿ ಅಂಗನವಾಡಿ ಇದ್ದೇ ಇರುತ್ತದೆ. ಕಾರ್ಯಕರ್ತೆಯ ಒಪ್ಪಿಗೆ ಪಡೆದು ಒಂದು ಬೆಳಗ್ಗೆ ಇಪ್ಪತ್ತು ನಿಮಿಷ ಮೂಲೆಯಲ್ಲಿ ಕುಳಿತುಕೊಳ್ಳಿ. ಒಂದೇ ಉತ್ತರವಿರುವ ಪ್ರಶ್ನೆಗಳಿಗೆ ಒಂದು ಗೆರೆ, ಮಗು ತಾನೇ ಯೋಚಿಸಿ ಹೇಳಬೇಕಾದ ಪ್ರಶ್ನೆಗಳಿಗೆ ಇನ್ನೊಂದು ಗೆರೆ ಹಾಕುತ್ತ ಹೋಗಿ. ಆಕೆಯ ಕೆಲಸ ಎಷ್ಟು ಸಲ ಬೇರೆ ಕಾರಣಕ್ಕೆ ನಿಂತಿತು ಎಂಬುದನ್ನೂ ಗುರುತಿಸಿ. ಬಳಿಕ ಅದೇ ಲೆಕ್ಕವನ್ನು ನಿಮ್ಮ ತರಗತಿಯಲ್ಲಿ ನಿಮ್ಮ ಮೇಲೆಯೇ ಪ್ರಯೋಗಿಸಿ. ಎರಡೂ ಹಾಳೆಗಳನ್ನು ಹಿಡಿದು ಆಕೆಯೊಡನೆ ಕುಳಿತು ಮಾತನಾಡಿದರೆ, ಅಂದು ಒಂದು ನಿಜವಾದ ಸಂಪರ್ಕ ತರಗತಿ ನಡೆದಂತೆಯೇ ಸರಿ.