ಬಾಗಿಲ ಹೊರಗೆ ಉಳಿದ ಹುಡುಗ

ಶಾಲೆಯ ವಾರ್ಷಿಕೋತ್ಸವದ ನಾಟಕಕ್ಕೆ ಪಾತ್ರ ಹಂಚುವ ದಿನ ಏಳನೇ ತರಗತಿಯ ಕೋಣೆಯಲ್ಲಿ ಏನು ನಡೆಯುತ್ತದೆ ಎಂಬುದು ನಮ್ಮಲ್ಲಿ ಬಹುತೇಕರಿಗೆ ಗೊತ್ತು. ಮೇಷ್ಟ್ರು ಕುರ್ಚಿ ಎಳೆದುಕೊಂಡು ಕೂರುತ್ತಾರೆ. ಮಕ್ಕಳು ಒಬ್ಬೊಬ್ಬರಾಗಿ ಎದ್ದು ಬಂದು ಒಂದು ಡೈಲಾಗ್ ಹೇಳಬೇಕು. ಹುಡುಗಿಯರಲ್ಲಿ ಮೂವರಾದರೂ ಕಿತ್ತೂರು ಚೆನ್ನಮ್ಮ ಕಪ್ಪ ಕೊಡೆನೆನ್ನುವ ಮಾತನ್ನೇ ಆರಿಸಿಕೊಳ್ಳುತ್ತಾರೆ. 1961ರ ಸಿನಿಮಾದಲ್ಲಿ ಬಿ. ಸರೋಜಾದೇವಿ ಆಡಿದ ಧಾಟಿ ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ಮಗಳಿಗೆ ಇಳಿದು ಬಂದಿದೆ. ಹುಡುಗರು 1977ರ ಸಿನಿಮಾದ ಬಭ್ರುವಾಹನನಾಗಿ ಎದೆ ಸೆಟೆಸಿ ನಿಲ್ಲುತ್ತಾರೆ. ಗಂಟಲು ಗಟ್ಟಿ ಇದ್ದವನು ರಾಜ, ಬೆಳ್ಳಗಿರುವವಳು ರಾಣಿ, ಕಪ್ಪಗೆ ಎತ್ತರ ಬೆಳೆದವನು ರಾಕ್ಷಸ, ಪರೀಕ್ಷೆಯಲ್ಲಿ ಮೊದಲು ಬರುವವಳು ಸೂತ್ರಧಾರಿಣಿ. ಅರ್ಧ ಗಂಟೆಯಲ್ಲಿ ಹಂಚಿಕೆ ಮುಗಿಯುತ್ತದೆ. ಉಳಿದವರು ಮರುದಿನದಿಂದ ಕಿಟಕಿಯ ಸರಳು ಹಿಡಿದು ತಾಲೀಮು ನೋಡುತ್ತಾರೆ.

ನಾಟಕದ ವಿಮರ್ಶೆ ಬರೆಯುವ ನಾವು ಪರದೆ ಎದ್ದ ಮೇಲೆ ಬಂದು ಕೂರುವವರು. ದೊಡ್ಡವರ ರಂಗಭೂಮಿಗೆ ಅದು ಸಾಕು. ಆದರೆ ಆರು, ಏಳು, ಎಂಟನೇ ತರಗತಿಯ ಮಕ್ಕಳ ನಾಟಕವನ್ನು ಪ್ರದರ್ಶನದಿಂದ ಮಾತ್ರ ಅಳೆಯಲಾಗದು ಎಂಬುದು ಹಲವು ವರ್ಷ ಶಾಲೆಗಳಲ್ಲಿ ನಾಟಕ ನೋಡಿ, ಕೆಲವೊಮ್ಮೆ ಆಡಿಸಿ ನಾನು ಕಂಡುಕೊಂಡಿರುವ ವಿಷಯ. ಆ ನಾಟಕದ ಗುಣ ತೀರ್ಮಾನವಾಗುವುದು ಪಾತ್ರ ಹಂಚುವ ಅರ್ಧ ಗಂಟೆಯಲ್ಲಿ. ಅಲ್ಲಿ ಆದ ತಪ್ಪನ್ನು ಯಾವ ಬಣ್ಣವೂ ಯಾವ ಬೆಳಕೂ ಮುಚ್ಚಲಾರವು.

ಗಟ್ಟಿ ದನಿಯ ಪರೀಕ್ಷೆ ಎಷ್ಟು ಕುರುಡು ಎಂದು ತಿಳಿಯಲು ನಮ್ಮ ಮಕ್ಕಳ ನಾಟಕಗಳನ್ನೇ ತೆರೆದು ನೋಡಬಹುದು. ಕುವೆಂಪು ಅವರ ‘ನನ್ನ ಗೋಪಾಲ’ದಲ್ಲಿ ಬಡ ತಾಯಿಯ ಮಗನೊಬ್ಬ ಕಾಡು ದಾಟಿ ಶಾಲೆಗೆ ಹೋಗಬೇಕು. ಅವನಿಗೆ ಭಯ. ತಾಯಿ ಹೇಳಿಕೊಟ್ಟಂತೆ ಕಾಡಿನ ನಡುವೆ ನಿಂತು ಗೋಪಾಲನನ್ನು ಕರೆಯುತ್ತಾನೆ. ಇಡೀ ನಾಟಕ ಆ ಒಂದು ಕರೆಯ ಮೇಲೆ ನಿಂತಿದೆ. ಆ ಕರೆಯಲ್ಲಿ ಹೆದರಿಕೆ ಕೇಳಬೇಕು, ಹೆದರಿಕೆಯ ಒಳಗೆ ನಂಬಿಕೆಯೂ ಕೇಳಬೇಕು. ಚೆನ್ನಮ್ಮನ ಮಾತನ್ನು ಗುಡುಗಿಸಿದ ಮಗುವಿಗೆ ಇದು ದಕ್ಕಿಯೇ ತೀರುತ್ತದೆ ಎನ್ನುವಂತಿಲ್ಲ. ಹೆಸರು ಕೇಳಿದರೆ ತಲೆ ತಗ್ಗಿಸುವ ಮಗುವಿಗೆ ದಕ್ಕಬಹುದು. ಬಂಟ್ವಾಳದ ಹತ್ತಿರದ ಮಂಚಿಯಲ್ಲಿ 1929ರಲ್ಲಿ ಹುಟ್ಟಿದ ಬಿ.ವಿ. ಕಾರಂತರು ಪ್ರಾಥಮಿಕ ಶಾಲೆಯಲ್ಲಿದ್ದಾಗ ಮೊದಲು ಬಣ್ಣ ಹಚ್ಚಿದ್ದು ಇದೇ ನಾಟಕಕ್ಕೆ. ಆಮೇಲೆ ಅವರು ಮನೆ ಬಿಟ್ಟು ಗುಬ್ಬಿ ವೀರಣ್ಣನವರ ಕಂಪನಿ ಸೇರಿದ್ದು, 1989ರಲ್ಲಿ ಮೈಸೂರಿನ ರಂಗಾಯಣವನ್ನು ಕಟ್ಟಿದ್ದು ಎಲ್ಲರಿಗೂ ತಿಳಿದ ಚರಿತ್ರೆ. ಆ ಚರಿತ್ರೆಯ ಬುಡದಲ್ಲಿ ಒಂದು ಹಳ್ಳಿ ಶಾಲೆಯೂ ಪಾತ್ರ ಹಂಚಿದ ಒಬ್ಬ ಮೇಷ್ಟ್ರೂ ಇದ್ದರು.

ಅದೇ ಕಾರಂತರು ಮುಂದೆ ಮಕ್ಕಳಿಗಾಗಿ ಟ್ಯಾಗೋರರ ಗಿಳಿಯ ಕಥೆಯನ್ನು ‘ಪಂಜರ ಶಾಲೆ’ಯಾಗಿ ರಂಗಕ್ಕೆ ತಂದರು. ಹಾಡುತ್ತಾ ಹಾರುತ್ತಾ ಇದ್ದ ಗಿಳಿಗೆ ವಿದ್ಯೆ ಕಲಿಸಬೇಕೆಂದು ರಾಜ ಹೊರಡುತ್ತಾನೆ. ಚಿನ್ನದ ಪಂಜರ ಬರುತ್ತದೆ, ಪಂಡಿತರು ಬರುತ್ತಾರೆ, ಹೊತ್ತಿಗೆಗಳ ರಾಶಿ ಬೀಳುತ್ತದೆ. ಸುತ್ತಲಿನವರೆಲ್ಲ ಉದ್ಧಾರವಾಗುತ್ತಾರೆ, ಗಿಳಿ ಸಾಯುತ್ತದೆ. ಈ ಕಥೆಯ ಕೇಂದ್ರ ಒಂದು ಮೈ. ಹಾರಾಡುತ್ತಿದ್ದ ಮೈ ಹೇಗೆ ದೃಶ್ಯದಿಂದ ದೃಶ್ಯಕ್ಕೆ ಕುಗ್ಗಿ, ಬಿಗಿದು, ಕೊನೆಗೆ ನಿಶ್ಚಲವಾಗುತ್ತದೆ ಎಂಬುದೇ ಅದರ ಅಭಿನಯ. ಡೈಲಾಗ್ ಹೇಳಿಸಿ ಈ ಪಾತ್ರಕ್ಕೆ ಮಗುವನ್ನು ಹುಡುಕುವುದಾದರೂ ಹೇಗೆ? ನಾನು ನೋಡಿದ ಒಂದು ಪ್ರಯೋಗದಲ್ಲಂತೂ ಮೇಷ್ಟ್ರು ಪ್ರತಿ ಮಾತನ್ನೂ, ಪ್ರತಿ ಕೈ ಬೀಸುವಿಕೆಯನ್ನೂ ತಾವೇ ಮಾಡಿ ತೋರಿಸಿ, ಮಕ್ಕಳಿಂದ ಹಾಗೆಯೇ ಹೇಳಿಸಿದ್ದರು. ಗಿಳಿಪಾಠವನ್ನು ಖಂಡಿಸುವ ನಾಟಕವನ್ನು ಮಕ್ಕಳು ಗಿಳಿಪಾಠವಾಗಿಯೇ ಒಪ್ಪಿಸುತ್ತಿದ್ದುದು ಕಂಡು ಹೊಟ್ಟೆಯಲ್ಲಿ ಸಂಕಟವಾಯಿತು.

ಈ ವಯಸ್ಸಿನ ಸೂಕ್ಷ್ಮವನ್ನು ಆಯ್ಕೆ ಮಾಡುವವರು ಮರೆಯಬಾರದು. ಹನ್ನೊಂದರಿಂದ ಹದಿನಾಲ್ಕರ ನಡುವಿನ ಮಕ್ಕಳ ಮೈ ಒಂದೇ ವೇಗದಲ್ಲಿ ಬೆಳೆಯುವುದಿಲ್ಲ. ಒಂದೇ ಬೆಂಚಿನಲ್ಲಿ ಕೂತ ಇಬ್ಬರಲ್ಲಿ ಒಬ್ಬಳು ದೊಡ್ಡವಳಾಗಿ ಕಾಣುತ್ತಾಳೆ, ಇನ್ನೊಬ್ಬಳು ಇನ್ನೂ ಮಗು. ಹುಡುಗರ ದನಿ ಒಡೆಯುವುದು ಈ ಕಾಲದಲ್ಲೇ. ಜೂನ್‌ನಲ್ಲಿ ಇಂಪಾಗಿ ಹಾಡಿದವನ ಗಂಟಲು ಡಿಸೆಂಬರ್ ಹೊತ್ತಿಗೆ ಮಾತಿನ ನಡುವೆ ಜಾರುತ್ತದೆ. ತನ್ನ ಮೈ, ತನ್ನ ದನಿ ತನ್ನ ಮಾತು ಕೇಳುತ್ತಿಲ್ಲವಲ್ಲ ಎಂಬ ನಾಚಿಕೆಯಲ್ಲಿರುವ ಮಗುವನ್ನು ನಲವತ್ತು ಜನ ಸಹಪಾಠಿಗಳ ಎದುರು ಒಂಟಿಯಾಗಿ ನಿಲ್ಲಿಸಿ, ಎಲ್ಲರೂ ಕೇಳುವಂತೆ ‘ನೀನು ಬೇಡ, ಕೂತ್ಕೋ’ ಎನ್ನುವುದು ಸಣ್ಣ ಮಾತಲ್ಲ. ಆರನೇ ತರಗತಿಯಲ್ಲಿ ನನಗೆ ಹಾಗೆ ಹೇಳಲಾಗಿತ್ತು. ಹೇಳಿದವರು ಕೆಟ್ಟವರಲ್ಲ. ಆದರೆ ಆ ವರ್ಷವಿಡೀ ತರಗತಿಯಲ್ಲಿ ಪಾಠ ಓದಲು ಎದ್ದು ನಿಂತಾಗಲೆಲ್ಲ ನನ್ನ ಕಿವಿಗೆ ಬೀಳುತ್ತಿದ್ದುದು ಆ ಮಾತೇ.

ಪಾತ್ರ ಸಿಕ್ಕವರಿಗೂ ಗಾಯವಾಗುತ್ತದೆ. ಮಂಥರೆಯಾದ ಹುಡುಗಿಯನ್ನು ಹತ್ತನೇ ತರಗತಿ ಮುಗಿಯುವವರೆಗೂ ಮಂಥರೆ ಎಂದೇ ಕರೆದದ್ದನ್ನು ನಾನು ಬಲ್ಲೆ. ಮೈಬಣ್ಣ ನೋಡಿ ರಾಕ್ಷಸನ ಪಾತ್ರ ಕೊಟ್ಟಾಗ ಆ ಮಗುವಿಗೆ ಮನೆಯಲ್ಲೂ ಬೀದಿಯಲ್ಲೂ ಕೇಳಿದ ಮಾತಿಗೆ ಶಾಲೆಯೇ ಮುದ್ರೆ ಒತ್ತಿದಂತಾಗುತ್ತದೆ. ನಾಟಕದ ದೊಡ್ಡ ಶಕ್ತಿ ಇರುವುದು ನಾನಲ್ಲದ್ದನ್ನು ನಾನಾಗಿ ನೋಡುವುದರಲ್ಲಿ. ಊರು ಯಾರನ್ನು ಹೇಗೆ ಕಾಣುತ್ತದೋ ಹಾಗೆಯೇ ರಂಗದ ಮೇಲೂ ನಿಲ್ಲಿಸಿದರೆ ಆ ಶಕ್ತಿ ಅಲ್ಲಿಗೇ ಸತ್ತಿತು. ದಾನಿಗಳ ಮಗನಿಗೆ ಕೃಷ್ಣನ ಪಾತ್ರ ಕೊಡಬೇಕೆಂದು, ಮೂರು ವಾರ ತಾಲೀಮು ಮಾಡಿದ್ದ ಹುಡುಗನನ್ನು ಕೊನೆಯ ವಾರದಲ್ಲಿ ಬಿಡಿಸಿದ ಶಾಲೆಯೊಂದನ್ನು ನೋಡಿದ್ದೇನೆ. ಅಂದು ಸಂಜೆ ಆ ವೇದಿಕೆಯ ಮೇಲೆ ನಡೆದ ಧರ್ಮಸಂಸ್ಥಾಪನೆಯ ಮಾತು ಯಾವುದೂ ನನಗೆ ರುಚಿಸಲಿಲ್ಲ.

ನಮ್ಮ ಪರಂಪರೆಯಲ್ಲಿ ಇದಕ್ಕಿಂತ ಒಳ್ಳೆಯ ದಾರಿ ಇತ್ತು. ಯಕ್ಷಗಾನದ ಮೇಳಕ್ಕೆ ಸೇರಿದ ಹುಡುಗನನ್ನು ಮೊದಲ ದಿನವೇ ನಿಲ್ಲಿಸಿ ಅರ್ಜುನನ ಮಾತು ಹೇಳಿಸುತ್ತಿರಲಿಲ್ಲ. ಪೂರ್ವರಂಗದಲ್ಲಿ ಕೋಡಂಗಿಯಾಗಿ ಕುಣಿದು, ಬಾಲಗೋಪಾಲನಾಗಿ ಹೆಜ್ಜೆ ಕಲಿತು, ಚೌಕಿಯಲ್ಲಿ ಹಿರಿಯರ ಬಣ್ಣಗಾರಿಕೆ ನೋಡುತ್ತ ಕೂತು, ರಾತ್ರಿಯಿಡೀ ಪ್ರಸಂಗ ಕೇಳಿ, ಅವನು ಮೆಲ್ಲಗೆ ವೇಷದಿಂದ ವೇಷಕ್ಕೆ ಏರುತ್ತಿದ್ದ. ಕೋಡಂಗಿಗೂ ರಂಗಸ್ಥಳವಿತ್ತು, ಚೆಂಡೆಯಿತ್ತು, ನೋಡುವ ಕಣ್ಣುಗಳಿದ್ದವು. ಮೇಳದ ಬದುಕಿನಲ್ಲಿ ಬಡತನ, ಬೈಗುಳ, ಮೇಲುಕೀಳು ಇದ್ದವು, ಅವನ್ನು ಮರೆಮಾಚಬೇಕಿಲ್ಲ. ಆದರೂ ಹೊಸಬನಿಗೆ ಪರೀಕ್ಷೆಗಿಂತ ಮೊದಲು ರಂಗದಲ್ಲಿ ಕಾಲಿಡಲು ಒಂದು ಜಾಗ ಕೊಡಬೇಕೆಂಬ ತಿಳಿವಳಿಕೆ ಅಲ್ಲಿತ್ತು. ನಮ್ಮ ಶಾಲೆಗಳು ಅದನ್ನು ಕಲಿಯದೆ ಛದ್ಮವೇಷ ಸ್ಪರ್ಧೆಯಿಂದ ನಾಟಕ ಕಲಿತವು. ಒಂದು ಮಗು, ಒಂದು ಉಡುಪು, ಒಂದು ಮಾತು, ಒಂದು ಬಹುಮಾನ. ಪ್ರತಿಭಾ ಕಾರಂಜಿ ಸಾವಿರಾರು ಹಳ್ಳಿ ಮಕ್ಕಳಿಗೆ ವೇದಿಕೆ ತೋರಿಸಿದೆ. ಅದರ ಉಪಕಾರ ದೊಡ್ಡದು. ಆದರೆ ಕ್ಲಸ್ಟರ್, ತಾಲೂಕು, ಜಿಲ್ಲೆ ಎಂದು ಮೆಟ್ಟಿಲು ಹತ್ತಿಸುತ್ತ ಪ್ರತಿ ಮೆಟ್ಟಿಲಲ್ಲೂ ಮಕ್ಕಳನ್ನು ಉದುರಿಸುವ ಅದರ ಕ್ರಮವನ್ನೇ ನಾಟಕಕ್ಕೂ ಹಚ್ಚಿದ್ದು ತಪ್ಪು. ನಾಟಕ ಕೂಡಿ ಆಡುವ ಕೆಲಸ.

ಇನ್ನೂ ದೊಡ್ಡ ತಪ್ಪು ಈಚಿನದು. ಅನೇಕ ಶಾಲೆಗಳಲ್ಲಿ ಈಗ ನಾಟಕದ ಮಾತು, ಹಾಡು ಎಲ್ಲವನ್ನೂ ಮೊದಲೇ ಧ್ವನಿಮುದ್ರಿಸಿಕೊಳ್ಳುತ್ತಾರೆ. ಕೆಲವೆಡೆ ದೊಡ್ಡವರ ದನಿಯಲ್ಲೇ ಸಿದ್ಧವಾದ ಟ್ರ್ಯಾಕ್ ಸಿಗುತ್ತದೆ. ಮಕ್ಕಳು ಬಾಡಿಗೆಯ ಜರಿ ಉಡುಪು ತೊಟ್ಟು ತುಟಿಯಾಡಿಸುತ್ತಾರೆ. ಶಿಕ್ಷಕರ ಕಷ್ಟ ನನಗೆ ಗೊತ್ತು. ಶಾಮಿಯಾನದ ಕೆಳಗೆ ಎರಡು ಸಾವಿರ ಜನ, ಸ್ಟ್ಯಾಂಡಿಗೆ ಕಟ್ಟಿದ ಎರಡೇ ಮೈಕು, ಮೂರು ಗಂಟೆಯಲ್ಲಿ ಮೂವತ್ತು ಕಾರ್ಯಕ್ರಮ, ಮಗುವಿನ ಮಾತು ಕೇಳಿಸಲಿಲ್ಲವೆಂದು ಮರುದಿನ ದೂರು. ಆದರೆ ದನಿ ಕೇಳಿಸದಿದ್ದರೆ ಜನರನ್ನು ಕಡಿಮೆ ಮಾಡಿಕೊಳ್ಳಬೇಕು. ಮಗುವಿನ ದನಿಯನ್ನೇ ತೆಗೆದುಹಾಕಬಾರದು. ನಾಟಕವನ್ನು ವಾರ್ಷಿಕೋತ್ಸವದ ರಾತ್ರಿಯಿಂದ ಬಿಡಿಸಿ, ಒಂದು ಶನಿವಾರ ಬೆಳಿಗ್ಗೆ ಶಾಲೆಯ ಅಂಗಳದಲ್ಲಿ ನೂರು ಜನರ ಮುಂದೆ ಆಡಿಸಬಹುದು. ಕಲಾ ಶಿಕ್ಷಣ ಹತ್ತನೇ ತರಗತಿವರೆಗೆ ಕಡ್ಡಾಯವಾಗಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿತ್ತು. ತುಟಿಯಾಡಿಸುವುದರಿಂದ ಯಾವ ಶಿಕ್ಷಣವೂ ಆಗುವುದಿಲ್ಲ.

ಹೀಗೆ ದೂರುತ್ತಿರುವ ನಾನು ಒಳ್ಳೆಯದನ್ನೂ ಕಂಡಿದ್ದೇನೆ. ಮಲೆನಾಡಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನೋಡಿದ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ನನ್ನ ಮಟ್ಟಿಗೆ ಈ ಕೆಲಸದ ಅಳತೆಗೋಲು. ಇಂಗ್ಲಿಷ್ ಕವಿ ಬ್ರೌನಿಂಗ್ 1842ರಲ್ಲಿ ಪ್ರಕಟಿಸಿದ ಜರ್ಮನಿಯ ಹ್ಯಾಮೆಲಿನ್ ಊರಿನ ಕಥನವನ್ನು ಕುವೆಂಪು ತುಂಗೆಯ ತೀರಕ್ಕೆ ತಂದು ಕನ್ನಡದ್ದಾಗಿಸಿದ ಪದ್ಯ ಅದು. ಊರಿನ ಇಲಿಗಳನ್ನು ತೊಲಗಿಸಿದ ಜೋಗಿಗೆ ಗೌಡ ಕೊಟ್ಟ ಮಾತಿಗೆ ತಪ್ಪುತ್ತಾನೆ, ಜೋಗಿ ಊರ ಮಕ್ಕಳನ್ನು ಬೆಟ್ಟದೊಳಗೆ ಕರೆದೊಯ್ಯುತ್ತಾನೆ. ಶಾಲೆಯ ರಂಗಕ್ಕೆ ಅದಕ್ಕಿಂತ ಉದಾರವಾದ ಪಠ್ಯ ನಮ್ಮಲ್ಲಿ ಕಡಿಮೆ. ಇಲಿಗಳು ಎಷ್ಟು ಬೇಕಾದರೂ ಇರಬಹುದು, ಊರ ಜನ ಎಷ್ಟು ಬೇಕಾದರೂ ಇರಬಹುದು, ಜೋಗಿಯ ಹಿಂದೆ ಹೋಗುವ ಮಕ್ಕಳಿಗೂ ಲೆಕ್ಕವಿಲ್ಲ. ಪ್ರಾಸ ಮತ್ತು ಲಯದಿಂದಾಗಿ ಮಾತು ಬೇಗ ಬಾಯಿಗೆ ಬರುತ್ತದೆ. ಒಬ್ಬ ಮರೆತರೆ ಗುಂಪು ಎತ್ತಿಕೊಳ್ಳುತ್ತದೆ. ಜೋಗಿಗೆ ಬೇಕಾದುದು ಗಂಟಲಲ್ಲ, ನಡಿಗೆ.

ಆ ಶಾಲೆಯ ಅಕ್ಕೋರು ಪಾತ್ರ ಹಂಚಲು ಅರ್ಧ ಗಂಟೆಯ ಬದಲು ಎರಡು ವಾರ ತೆಗೆದುಕೊಂಡರು. ಮೊದಲ ವಾರ ಯಾರಿಗೂ ಪಾತ್ರವಿಲ್ಲ. ಎಲ್ಲರೂ ಇಲಿ, ಎಲ್ಲರೂ ಗೌಡ, ಎಲ್ಲರೂ ಜೋಗಿ. ಸಂಜೆ ನಾಲ್ಕರ ಮೇಲೆ ಅಂಗಳದಲ್ಲಿ ಇಲಿಯಾಗಿ ಓಡುವುದು, ನಿಲ್ಲುವುದು, ಮೂಸುವುದು. ಎರಡನೆಯ ವಾರ ಒಂದೊಂದು ದೃಶ್ಯವನ್ನು ಒಂದೊಂದು ಗುಂಪು ಬೇರೆ ಬೇರೆ ರೀತಿ ಆಡಿ ತೋರಿಸಿತು. ಅಕ್ಕೋರು ನೋಡುತ್ತಿದ್ದುದು ಯಾರು ಚೆನ್ನಾಗಿ ಹೇಳುತ್ತಾರೆ ಎಂಬುದನ್ನಷ್ಟೇ ಅಲ್ಲ. ಯಾರು ಇನ್ನೊಬ್ಬರು ಮಾತಾಡುವಾಗ ಕಿವಿಗೊಡುತ್ತಾರೆ, ಯಾರು ಬಿದ್ದವನನ್ನು ಎತ್ತುತ್ತಾರೆ, ಯಾರಿಗೆ ತಾಳ ಕೂತಿದೆ, ಎಲ್ಲವನ್ನೂ ಬರೆದುಕೊಳ್ಳುತ್ತಿದ್ದರು. ಕೊನೆಗೆ ಪ್ರತಿ ಮಗುವನ್ನೂ ಪಕ್ಕಕ್ಕೆ ಕರೆದು ಪಾತ್ರ ಹೇಳಿದರು, ಯಾಕೆಂದೂ ಹೇಳಿದರು. ಗೌಡನ ಪಾತ್ರವನ್ನು ಇಬ್ಬರಿಗೆ ಹಂಚಿದರು. ಎರಡು ಪ್ರದರ್ಶನ, ಒಂದೊಂದು ದಿನ ಒಬ್ಬೊಬ್ಬರು. ಇನ್ನೊಬ್ಬ ಆ ದಿನ ಮೇಳದಲ್ಲಿ ತಮಟೆಗೆ.

ಆ ಪ್ರಯೋಗದಲ್ಲಿ ಕೊರತೆಗಳಿದ್ದವು. ಇಲಿಗಳ ದೃಶ್ಯ ಬೇಕಾದುದಕ್ಕಿಂತ ಉದ್ದವಾಯಿತು. ಗೌಡ ಕೊಟ್ಟ ಮಾತಿಗೆ ತಪ್ಪುವ ಘಟ್ಟ ಗದ್ದಲದಲ್ಲಿ ಕೇಳಿಸದೆ ಹೋಯಿತು. ದೊಡ್ಡವರು ಮಾತು ತಪ್ಪಿದ್ದಕ್ಕೆ ಮಕ್ಕಳು ತೆರುವ ಬೆಲೆ ಈ ಕಥೆಯ ಕರುಳು. ಅದು ಸ್ಪಷ್ಟವಾಗದಿದ್ದರೆ ಜೋಗಿ ಬರೀ ಮಾಯಗಾರನಾಗಿ ಉಳಿಯುತ್ತಾನೆ. ಹಾಡುಗಳಲ್ಲಿ ಎರಡು ಶ್ರುತಿ ಬಿಟ್ಟಿದ್ದವು.

ಆದರೆ ಕೊನೆಯ ದೃಶ್ಯ ಎಲ್ಲವನ್ನೂ ಎತ್ತಿ ಹಿಡಿಯಿತು. ಬೆಟ್ಟದ ಬಾಗಿಲಾಗಿ ಬಳಸಿದ್ದು ಏಳನೇ ತರಗತಿಯ ನಿಜವಾದ ಬಾಗಿಲನ್ನು. ಜೋಗಿಯ ಹಿಂದೆ ಮಕ್ಕಳೆಲ್ಲ ಕುಣಿಯುತ್ತ ಒಳಗೆ ಹೋದರು, ಬಾಗಿಲು ಮುಚ್ಚಿತು. ಕಾಲು ಕುಂಟುತ್ತ ಹಿಂದೆ ಬಿದ್ದ ಹುಡುಗನೊಬ್ಬ ಅಂಗಳದಲ್ಲಿ ಉಳಿದ. ಆ ಪಾತ್ರಕ್ಕೆ ಅಕ್ಕೋರು ಆರಿಸಿದ್ದು ಮೊದಲ ವಾರ ಅಂಗಳಕ್ಕೇ ಇಳಿಯದೆ ಜಗಲಿಯ ಕಂಬಕ್ಕೆ ಒರಗಿ ನೋಡುತ್ತಿದ್ದ ಹುಡುಗನನ್ನು. ಬ್ರೌನಿಂಗ್‌ನಲ್ಲಿ ಒಳಗಿನ ಲೋಕದ ಸುದ್ದಿ ಹೇಳುವವನು ಹೊರಗುಳಿದ ಈ ಹುಡುಗನೇ. ಅದನ್ನು ಹಿಡಿದು ಅಕ್ಕೋರು ಇಡೀ ಕಥೆಯ ನಿರೂಪಣೆಯನ್ನು ಅವನ ಬಾಯಿಗೆ ಕೊಟ್ಟಿದ್ದರು. ಅವನು ಗಟ್ಟಿಯಾಗಿ ಹೇಳಲಿಲ್ಲ. ಕೇಳಲು ನಾವೇ ಮುಂದಕ್ಕೆ ಬಾಗಬೇಕಾಯಿತು. ಮುಚ್ಚಿದ ಬಾಗಿಲ ಹಿಂದೆ ಅರುವತ್ತು ಮಕ್ಕಳು ಉಸಿರು ಬಿಗಿಹಿಡಿದು ಅವನಿಗಾಗಿ ಸುಮ್ಮನಿದ್ದರು. ಅದೂ ಅಭಿನಯವೇ, ಅಂದು ನಾನು ಕಂಡ ಅತ್ಯುತ್ತಮ ಅಭಿನಯ.

ಹೀಗೆ ಮಾಡಿಸಲು ಆ ಶಾಲೆಯಲ್ಲಿ ಹಣವಿರಲಿಲ್ಲ, ರಂಗಮಂದಿರವಿರಲಿಲ್ಲ. ಇಲಿಗಳ ಬಾಲ ಹಳೆಯ ಸೀರೆಯ ಅಂಚಿನದು, ಜೋಗಿಯ ನಿಲುವಂಗಿ ಯಾರದೋ ಮನೆಯ ಕಂಬಳಿ. ಇದ್ದದ್ದು ಎರಡು ವಾರದ ಸಂಜೆಗಳು. ಈ ಸಲ ವಾರ್ಷಿಕೋತ್ಸವದ ಪಟ್ಟಿ ಬರೆಯಲು ಕೂರುವ ಶಿಕ್ಷಕರಲ್ಲಿ ನನ್ನ ಬೇಡಿಕೆ ಇಷ್ಟೇ: ಪಾತ್ರ ಹಂಚುವ ದಿನವನ್ನು ಹತ್ತು ದಿನ ಮುಂದಕ್ಕೆ ಹಾಕಿ. ಆ ಹತ್ತು ದಿನ ಕಂಬಕ್ಕೆ ಒರಗಿ ನಿಂತವರು ಯಾರು ಎಂದು ನೋಡಿ.