ಒಂದೇ ವಂಶದ ಎರಡು ಕತೆ

ನಮ್ಮ ಮನೆಯ ಹಳೆಯ ಟ್ರಂಕಿನಲ್ಲಿ ದೊಡ್ಡಪ್ಪ ಬರೆದಿಟ್ಟ ವಂಶವೃಕ್ಷವೊಂದಿದೆ. ಏಳು ತಲೆಮಾರಿನ ಗಂಡಸರ ಹೆಸರುಗಳಿವೆ. ಹೆಂಗಸರದು ಒಂದೂ ಇಲ್ಲ. ಅದಕ್ಕೇ ಇರಬೇಕು, ಆಸ್ಟ್ರೇಲಿಯಾದ ಕವಯಿತ್ರಿ ಜುಡಿತ್ ರೈಟ್ ತನ್ನ ಮನೆತನದ ಬಗ್ಗೆ 1959ರಲ್ಲಿ ಪ್ರಕಟಿಸಿದ 'ದಿ ಜನರೇಷನ್ಸ್ ಆಫ್ ಮೆನ್' ಕೈಗೆ ಬಂದಾಗ ನಾನು ಮೊದಲು ಹುಡುಕಿದ್ದು ಅಜ್ಜಿಯನ್ನು.

ಅಜ್ಜಿ ಸಿಕ್ಕಳು. ಜುಡಿತ್‌ಳ ಪೂರ್ವಿಕರಾದ ಜಾರ್ಜ್ ಮತ್ತು ಮಾರ್ಗರೆಟ್ ವಿಂಡಮ್ ದಂಪತಿಗಳು 1827ರಲ್ಲಿ ಇಂಗ್ಲೆಂಡಿನಿಂದ ಬಂದು ಹಂಟರ್ ಕಣಿವೆಯಲ್ಲಿ ನೆಲೆಯೂರಿದವರು. ತಾತ ಆಲ್ಬರ್ಟ್ ಉತ್ತರಕ್ಕೆ, ಕ್ವೀನ್ಸ್‌ಲೆಂಡಿನ ಡಾಸನ್ ಕಣಿವೆಗೆ ದನ ಸಾಕಲು ಹೋದ. ಅಲ್ಲಿ ಎದುರಾದದ್ದು ಬರ, ಸಾಲ, ಜ್ವರ. 1890ರಲ್ಲಿ ಅವನು ತೀರಿಕೊಂಡ ಮೇಲೆ ಮಕ್ಕಳನ್ನೂ ಸಾಲವನ್ನೂ ಹೊತ್ತು, ವಾಂಗ್ವಿಬಿಂಡಾ ಎಂಬಲ್ಲಿ ಸಂಸಾರವನ್ನು ಎತ್ತಿ ನಿಲ್ಲಿಸಿದವಳು ಹೆಂಡತಿ ಮೇ. ತಾತನ ದಿನಚರಿಗಳನ್ನು ಆಧರಿಸಿ ಬರೆದ ಪುಸ್ತಕದಲ್ಲಿ ಅಜ್ಜಿಯೇ ಎದ್ದು ಕಾಣುತ್ತಾಳೆ. ಓದುತ್ತ ನನಗೂ ಹೆಮ್ಮೆಯಾಯಿತು.

ಆದರೆ ಆ ನೆಲ ಯಾರದು? ಮೂಲನಿವಾಸಿಗಳು ಈ ಪುಸ್ತಕದಲ್ಲಿ ಇಲ್ಲವೆಂದಲ್ಲ. ಮನೆಯವರ ಕತೆಯ ಅಂಚಿನಲ್ಲಿ ನೆರಳಿನಂತೆ ಇದ್ದಾರೆ. ಬಹುಶಃ ಜುಡಿತ್‌ಳಿಗೂ ಅದು ಚುಚ್ಚಿರಬೇಕು. ಪ್ರಕಾಶಕರಿಗಾಗಿ ಹಸ್ತಪ್ರತಿ ಓದುತ್ತಿದ್ದ ಅವಳು, 1964ರಲ್ಲಿ ಪ್ರಕಟವಾದ ಮೂಲನಿವಾಸಿ ಕವಯಿತ್ರಿ ಊಜರೂ ನೂನಕ್ಕಲ್‌ಳ ಮೊದಲ ಸಂಕಲನವನ್ನು ಅಚ್ಚು ಹಾಕಿ ಎಂದು ಶಿಫಾರಸು ಮಾಡಿದಳು, ಇಬ್ಬರೂ ಗೆಳತಿಯರಾದರು. 1981ರಲ್ಲಿ ಅದೇ ವಂಶದ ಕತೆಯನ್ನು ಜುಡಿತ್ 'ದಿ ಕ್ರೈ ಫಾರ್ ದ ಡೆಡ್' ಎಂದು ಮತ್ತೆ ಬರೆದಳು. ಈ ಸಲ ತಾತನ ದನಗಳು ಮೇದ ಹುಲ್ಲುಗಾವಲಿನ ಜೊತೆಗೆ, ಅದನ್ನು ಕಳೆದುಕೊಂಡವರ ಬದುಕೂ ಸಾವೂ ಲೆಕ್ಕಕ್ಕೆ ಬಂದವು. ಆ ನೆಲ ಯಾರಿಗೂ ಸೇರಿರಲಿಲ್ಲ ಎಂಬ ವಾದವನ್ನು ಅಲ್ಲಿನ ಹೈಕೋರ್ಟು ತಳ್ಳಿಹಾಕಿದ್ದು 1992ರಲ್ಲಿ, ಮಾಬೊ ತೀರ್ಪಿನಲ್ಲಿ. ಮೊಮ್ಮಗಳು ಹನ್ನೊಂದು ವರ್ಷ ಮುಂಚೆಯೇ ತನ್ನ ಮನೆಯೊಳಗೆ ಆ ವಿಚಾರಣೆ ನಡೆಸಿದ್ದಳು.

ಎರಡನೆಯ ಪುಸ್ತಕದ ಮೇಲೆ ನನಗೊಂದು ತಕರಾರಿದೆ. ಅದರಲ್ಲಿ ದಾಖಲೆಗಳ ಭಾರ ಹೆಚ್ಚು. ಅಜ್ಜಿ ಮಸುಕಾಗುತ್ತಾಳೆ, ಮೊದಲ ಪುಸ್ತಕದ ಮನೆಯ ಬಿಸುಪು ಸಿಗುವುದಿಲ್ಲ. ಮತ್ತೆ ಯೋಚಿಸಿದಾಗ, ಸತ್ಯ ತಿಳಿದ ಮೇಲೆ ಆ ಬಿಸುಪಿನಲ್ಲಿ ಹಾಯಾಗಿ ಕೂರುವುದಾದರೂ ಹೇಗೆ ಎನಿಸಿತು. ಎರಡನ್ನೂ ಒಂದರ ಹಿಂದೆ ಒಂದರಂತೆ ಓದಬೇಕು. ಮೊದಲನೆಯದನ್ನು ಪ್ರೀತಿಸಿದವರಿಗೆ ಮಾತ್ರ ಎರಡನೆಯದು ಅಷ್ಟು ನೋಯುತ್ತದೆ.

ಮೊನ್ನೆ ಟ್ರಂಕು ತೆಗೆದು, ದೊಡ್ಡಪ್ಪನ ಕಾಗದದಲ್ಲಿ ನನಗೆ ಗೊತ್ತಿದ್ದ ಅಜ್ಜಿಯರ ಹೆಸರನ್ನೆಲ್ಲ ಪೆನ್ಸಿಲಿನಲ್ಲಿ ಸೇರಿಸಿದೆ. ಸಮಾಧಾನವಾಯಿತು. ಆಮೇಲೆ ನೆನಪಾಯಿತು, ನಮ್ಮ ಗದ್ದೆಯನ್ನು ಅಷ್ಟು ವರ್ಷ ಉತ್ತವರ ಹೆಸರು ನನಗೆ ಒಂದೂ ಗೊತ್ತಿಲ್ಲ.