ಗಾಳಿಯಲ್ಲಿ ಬಿಗಿದ ಬೋಲ್ಟು

ಸ್ಪ್ರಿಂಗ್ ಬದಲಿಸಿ ತಗ್ಗಿಸಿದ ಕಾರು ಒಂದು ಮಗ್ಗುಲಿಗೆ ವಾಲಿ ನಿಂತರೆ, ಹೈದರಾಬಾದಿನಲ್ಲಿ ನಾನು ಕಂಡ ಗ್ಯಾರೇಜುಗಳಲ್ಲಿ ಮೊದಲು ಸಿಗುವ ಮದ್ದು ರಬ್ಬರ್ ಬಫರ್. ತಗ್ಗಿದ ಕಡೆಯ ಸ್ಪ್ರಿಂಗಿನ ಎರಡು ಸುತ್ತುಗಳ ನಡುವೆ ಅದನ್ನು ತುರುಕುತ್ತಾರೆ. ಚಕ್ರಕ್ಕೂ ಫೆಂಡರಿಗೂ ನಡುವಿನ ಸಂದು ಎರಡೂ ಕಡೆ ಒಂದೇ ಆಗುತ್ತದೆ, ಗಿರಾಕಿ ದುಡ್ಡು ಕೊಟ್ಟು ಹೊರಡುತ್ತಾನೆ. ಈ ಪದ್ಧತಿ ತಪ್ಪು ಎಂದು ನಾನು ಖಡಾಖಂಡಿತವಾಗಿ ಹೇಳುತ್ತೇನೆ.

ಕುಂಟು ಮಂಚದ ಒಂದು ಕಾಲಿನ ಕೆಳಗೆ ಬೇಕಾದ್ದಕ್ಕಿಂತ ದಪ್ಪ ಚಕ್ಕೆ ಇಟ್ಟು ನೋಡಿ. ಆ ಕಾಲು ಮತ್ತು ಅದಕ್ಕೆ ಓರೆಯಾಗಿ ಎದುರಿರುವ ಕಾಲು, ಇವೆರಡೇ ಭಾರ ಹೊರುತ್ತವೆ. ಉಳಿದೆರಡು ಹಗುರಾಗುತ್ತವೆ. ಕಾರಿನಲ್ಲೂ ಇದೇ ನಡೆಯುತ್ತದೆ. ಬಲ ಮುಂಭಾಗಕ್ಕೆ ಬಫರ್ ಹಾಕಿದರೆ ಬಲ ಮುಂದಿನ ಚಕ್ರದ ಮೇಲೂ ಎಡ ಹಿಂದಿನ ಚಕ್ರದ ಮೇಲೂ ಭಾರ ಏರುತ್ತದೆ. ಮಳೆಯಲ್ಲಿ ಜೋರಾಗಿ ಬ್ರೇಕ್ ಒತ್ತಿದಾಗ ಎಡ ಮುಂದಿನ ಚಕ್ರ ಬೇಗ ಹಿಡಿತ ಬಿಡುತ್ತದೆ. ಎತ್ತರ ಉಳಿದ ಕಡೆಯ ಸ್ಪ್ರಿಂಗನ್ನೇ ಕತ್ತರಿಸುವವರೂ ಇದ್ದಾರೆ. ಅದು ಇನ್ನೂ ಕೆಟ್ಟದ್ದು. ಆರು ಸುತ್ತು ಕೆಲಸ ಮಾಡುವ ಸ್ಪ್ರಿಂಗಿನಲ್ಲಿ ಅರ್ಧ ಸುತ್ತು ಹೋದರೆ ಅದು ಶೇ. 9ರಷ್ಟು ಗಡುಸಾಗುತ್ತದೆ. ನಿಂತಾಗ ಸಮವಾಗಿ ಕಂಡ ಕಾರು ಓಡುವಾಗ ಎರಡು ಕಡೆ ಎರಡು ಬಗೆಯಾಗಿ ಕುಣಿಯುತ್ತದೆ. ಗ್ಯಾಸ್ ಜ್ವಾಲೆಯಲ್ಲಿ ಕತ್ತರಿಸಿದ್ದರಂತೂ ಉಕ್ಕಿನ ಹದವೇ ಕೆಟ್ಟಿರುತ್ತದೆ.

ನನ್ನ ತಮ್ಮ ರಾಯಚೂರಿನಿಂದ ಬಂದು ಇಲ್ಲಿ ನೌಕರಿಗೆ ನಿಂತವನು. ಅವನ ಸ್ವಿಫ್ಟಿಗೆ 40 ಮಿ.ಮೀ. ತಗ್ಗಿಸುವ ಸ್ಪ್ರಿಂಗ್ ಹಾಕಿಸಿಕೊಂಡ. ಹಾಕಿದ ಗ್ಯಾರೇಜಿನ ಹೆಸರು ಇಲ್ಲಿ ಬೇಡ. ಚಕ್ರದ ನಡುಬಿಂದುವಿನಿಂದ ಫೆಂಡರಿನ ಅಂಚಿಗೆ ಅಳೆದರೆ ಮುಂಭಾಗದಲ್ಲಿ ಎಡಕ್ಕೆ 352 ಮಿ.ಮೀ., ಬಲಕ್ಕೆ 338. ಅಲ್ಲಿಯವರು ಬಫರ್ ಹಾಕಲು ಹೊರಟಿದ್ದರು. ತಡೆದು, ರಾಣಿಗಂಜ್ ಕಡೆಯ ಒಬ್ಬ ಹಳೆಯ ಮಿಸ್ತ್ರಿಯ ಹತ್ತಿರ ಕರೆದೊಯ್ದೆ.

ಅವರು ಸ್ಪ್ರಿಂಗ್ ಮುಟ್ಟಲೇ ಇಲ್ಲ. ಮೊದಲು ನಾಲ್ಕೂ ಟೈರಿನ ಗಾಳಿ ನೋಡಿದರು. ಕಾರನ್ನು ಸಮನೆಲಕ್ಕೆ ತಂದು ಹಿಂದೆ ಮುಂದೆ ನೂಕಿ, ಬಾನೆಟ್ ಒತ್ತಿ ಬಿಟ್ಟು, ಮತ್ತೆ ಅಳೆದರು. ಆಮೇಲೆ ಎಡಗಡೆಯ ಶಾಕಪ್ ಬಿಚ್ಚಿದರು. ಸ್ಪ್ರಿಂಗಿನ ಕೆಳತುದಿ ಕೂರಬೇಕಾದ ಬಟ್ಟಲಿನಲ್ಲಿ ಒಂದು ಮೆಟ್ಟಿಲು ಇರುತ್ತದೆ, ತುದಿ ಅದಕ್ಕೆ ತಾಗಿ ನಿಲ್ಲಬೇಕು. ಇಲ್ಲಿ ತುದಿ ಆ ಮೆಟ್ಟಿಲನ್ನು ಹತ್ತಿ ಕೂತಿತ್ತು. ರಬ್ಬರಿನ ಮೇಲೆ ಅದರ ಗುರುತು ಹಲ್ಲು ಕಚ್ಚಿದಂತೆ ಮೂಡಿತ್ತು. ತಿರುಗಿಸಿ ಸರಿಯಾಗಿ ಕೂರಿಸಿದ ಮೇಲೆ ವ್ಯತ್ಯಾಸ 14ರಿಂದ 6ಕ್ಕೆ ಇಳಿಯಿತು.

ಉಳಿದ ಆರರಲ್ಲಿಯೇ ಈ ಕಸುಬಿನ ಮರ್ಮವಿದೆ. ಕೆಳತೋಳಿನ ಬುಡದಲ್ಲಿರುವ ಬುಷ್ ಎರಡು ಲೋಹದ ನಡುವೆ ಅಂಟಿದ ರಬ್ಬರು. ಅದು ತಿರುಗುವುದಿಲ್ಲ, ತಿರುಚಿಕೊಳ್ಳುತ್ತದೆ. ಕಾರು ಜಾಕಿನ ಮೇಲೆ ಚಕ್ರ ಇಳಿಬಿಟ್ಟು ನಿಂತಾಗಲೇ ಬೋಲ್ಟು ಬಿಗಿದರೆ ರಬ್ಬರು ಆ ಇಳಿಬಿದ್ದ ನಿಲುವನ್ನೇ ತನ್ನ ಮೂಲಸ್ಥಿತಿ ಎಂದುಕೊಳ್ಳುತ್ತದೆ. ಕಾರು ನೆಲಕ್ಕೆ ಬಂದಾಗ ಅದು ತಿರುಚಿಕೊಂಡು ತೋಳನ್ನು ಮತ್ತೆ ಕೆಳಕ್ಕೆ ದೂಡುತ್ತದೆ, ಎಂದರೆ ಆ ಮೂಲೆಯನ್ನು ಎತ್ತಿ ಹಿಡಿಯುತ್ತದೆ. ಎಡಬಲ ಬೇರೆಬೇರೆ ಕೋನದಲ್ಲಿ ಬಿಗಿದಿದ್ದರೆ ಎತ್ತರವೂ ಬೇರೆಬೇರೆ. ಅದಕ್ಕಿಂತ ಹೆಚ್ಚಾಗಿ, ಸದಾ ತಿರುಚಿಕೊಂಡೇ ಇರುವ ಬುಷ್ ಬೇಗ ಹರಿಯುತ್ತದೆ. "ಹವಾ ಮೇಂ ಕಸ್ನಾ ನಕ್ಕೋ ಭಾಯ್", ಗಾಳಿಯಲ್ಲಿ ಬಿಗಿಯಬೇಡಪ್ಪಾ, ಎಂದರು ಮಿಸ್ತ್ರಿ. ಬೋಲ್ಟುಗಳನ್ನು ಸಡಿಲಿಸಿ, ಕಾರನ್ನು ಚಕ್ರಗಳ ಮೇಲೆ ಪೂರ್ತಿ ಕೂರಿಸಿ, ಕಾರಿನಡಿಯ ಗುಂಡಿಯೊಳಗಿಂದ ಬಿಗಿದರು. ವ್ಯತ್ಯಾಸ 3 ಮಿ.ಮೀ.ಗೆ ಬಂತು. ಹೊಸ ಕಾರಿನಲ್ಲೂ ಇಷ್ಟು ಇರುವುದುಂಟು.

ಎತ್ತರ ಹೊಂದಿಸಿಕೊಳ್ಳುವ ಕಾಯಿಲೋವರ್ ಹಾಕಿದರೆ ಈ ತಾಪತ್ರಯ ಇಲ್ಲ ಎಂಬ ಮಾತನ್ನೂ ನಾನು ಒಪ್ಪುವುದಿಲ್ಲ. ಎರಡೂ ಕಡೆ ರಿಂಗನ್ನು ಒಂದೇ ಥ್ರೆಡ್ಡಿಗೆ ತಂದರೂ ಬುಷ್ ತಿರುಚಿದ್ದರೆ ಕಾರು ವಾಲುತ್ತದೆ. ಆಗ ರಿಂಗ್ ತಿರುಗಿಸಿ ಸಂದು ಸಮ ಮಾಡಿದರೆ ದುಬಾರಿ ಬಫರ್ ಹಾಕಿದ ಹಾಗೆಯೇ.

ತಗ್ಗಿಸುವುದೇ ಸರಿಯೇ ಎಂಬ ಪ್ರಶ್ನೆಯನ್ನು ಬಿಟ್ಟು ಈ ವಿಮರ್ಶೆ ಪ್ರಾಮಾಣಿಕವಾಗದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರ ವಿವರಕ್ಕೆ ಹೊರತಾದ ಮಾರ್ಪಾಡನ್ನು ತಡೆಯುತ್ತದೆ. 2019ರ ತಿದ್ದುಪಡಿಯಲ್ಲಿ ಬಂದ 182ಎ ಕಲಮಿನಡಿ ಪ್ರತಿ ಮಾರ್ಪಾಡಿಗೆ 5000 ರೂ. ದಂಡ, ಆರು ತಿಂಗಳವರೆಗೆ ಸಜೆ, ಅಥವಾ ಎರಡೂ. ತಮ್ಮನಿಗೆ ಇದನ್ನು ಮೊದಲೇ ಹೇಳಿದ್ದೆ.

ರಸ್ತೆಯ ಲೆಕ್ಕವೂ ಇದೆ. ಅವನ ಸ್ವಿಫ್ಟಿನ ನೆಲದೆತ್ತರ 163 ಮಿ.ಮೀ., ತಗ್ಗಿಸಿದ ಮೇಲೆ 123. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ರಸ್ತೆ ಉಬ್ಬು 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ. ಅದರ ಮೇಲೆ ಹೋಗುವಾಗ ಚಕ್ರಗಳೂ ಉಬ್ಬನ್ನೇರುವುದರಿಂದ ನಡುವೆ ಸುಮಾರು ನಾಲ್ಕೂವರೆ ಸೆಂ.ಮೀ. ಮಾತ್ರ ಕಳೆಯುತ್ತದೆ, ಕಾರು ದಾಟುತ್ತದೆ. ಆದರೆ ನಮ್ಮ ಗಲ್ಲಿಗಳಲ್ಲಿ ಮೊಣಕೈಯಷ್ಟು ಅಗಲಕ್ಕೆ ಸಿಮೆಂಟು ಮೆತ್ತಿದ ದಿಬ್ಬಗಳಿವೆಯಲ್ಲ, ಅವು ಪೂರ್ತಿ ಎತ್ತರದಲ್ಲಿ ಹೊಟ್ಟೆಗೆ ತಾಗುತ್ತವೆ. ಅಪಾರ್ಟ್‌ಮೆಂಟಿನ ಸೆಲ್ಲಾರಿಗೆ ಇಳಿಯುವ ಕಡಿದಾದ ಇಳಿಜಾರಿನ ಅಂಚೂ ಹಾಗೆಯೇ. ತಗ್ಗಿದ ಕಾರಿನವರು ಇವನ್ನು ಓರೆಯಾಗಿ ದಾಟುತ್ತಾರೆ. ಓರೆ ದಾಟುವಾಗ ಭಾರವೆಲ್ಲ ಎದುರುಬದುರು ಮೂಲೆಗಳ ಮೇಲೆಯೇ ಬೀಳುತ್ತದೆ. ಬಫರ್ ಹಾಕಿ ಅದೇ ಜೋಡಿಗೆ ಮೊದಲೇ ಹೆಚ್ಚು ಹೊರೆ ಹೊರಿಸಿದ್ದರೆ, ಹಗುರಾದ ಜೋಡಿಯಲ್ಲಿ ಒಂದು ಚಕ್ರ ನೆಲ ಬಿಟ್ಟೇಳುತ್ತದೆ.

ಉಳಿದ ಮೂರು ಮಿಲಿಮೀಟರನ್ನೂ ತೆಗೆಯಿರಿ ಎಂದು ತಮ್ಮ ಹಟ ಹಿಡಿದ. ಮಿಸ್ತ್ರಿ ಅವನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ ಟೇಪು ಹಿಡಿದರು. ಬಲಭಾಗ ಇನ್ನೂ 5 ಮಿ.ಮೀ. ಕೆಳಗಿಳಿದಿತ್ತು. ಟೇಪನ್ನು ಅವನಿಗೆ ತೋರಿಸಿ, ಬಿಗಿದ ಬೋಲ್ಟುಗಳ ಮೇಲೆ ಬಿಳಿ ಬಣ್ಣದ ಒಂದೊಂದು ಗೀಟು ಎಳೆದು, ಸಾವಿರ ಕಿಲೋಮೀಟರ್ ಓಡಿಸಿ ವೀಲ್ ಅಲೈನ್‌ಮೆಂಟ್ ಮಾಡಿಸಿಕೊಂಡು ಬಾ, ಆಗ ಮತ್ತೆ ಅಳೆಯೋಣ ಎಂದರು.